ಗಂಟಲಿಗೆ ‘ಗ’ ಮರಳಿ ಬಂದ ಬಗೆ

ಜೂನ್ ತಿಂಗಳ ಎರಡನೇ ವಾರ. ಎರಡನೇ ತರಗತಿಯ ಮಕ್ಕಳಿಗೆ ಉಕ್ತಲೇಖನ ಕೊಡುತ್ತಿದ್ದೆ. ಹತ್ತೇ ಪದ. ಸ್ಲೇಟು ತಿರುಗಿಸಿ ಅಂದೆ. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಜನ ‘ಗದ್ದೆ’ ಬರೆಯಬೇಕಾದಲ್ಲಿ ‘ಕತ್ತೆ’ ಎಂದು ಬರೆದಿದ್ದರು. ‘ಗುರಿ’ ಹೋಗಿ ‘ಕುರಿ’ ಆಗಿತ್ತು. ‘ಗಡ್ಡೆ’ ‘ಕಟ್ಟೆ’ ಆಗಿತ್ತು. ‘ದಾರ’ ಒಬ್ಬಳ ಸ್ಲೇಟಿನಲ್ಲಿ ‘ತಾರ’. ಮೊದಲು ಸಿಟ್ಟೇ ಬಂತು, ಬೇಸಿಗೆ ರಜೆಯಲ್ಲಿ ಎಲ್ಲ ಮರೆತು ಬಂದಿದ್ದಾರೆ ಅಂದುಕೊಂಡೆ. ಆಮೇಲೆ ಇನ್ನೊಂದು ಸಲ ನೋಡಿದೆ. ‘ಕಪ್ಪೆ’, ‘ತಟ್ಟೆ’, ‘ಸೊಪ್ಪು’ ಮೂರನ್ನೂ ಎಲ್ಲರೂ ಸರಿಯಾಗಿಯೇ ಬರೆದಿದ್ದರು.

ತಪ್ಪು ಮಕ್ಕಳದಲ್ಲ. ಅವರು ಕೇಳಿದ್ದನ್ನೇ ಬರೆದಿದ್ದರು. ನನ್ನ ಬಾಯಿಂದ ‘ಗ’ ಬರುತ್ತಲೇ ಇರಲಿಲ್ಲ.

ಏಪ್ರಿಲ್‌ನಲ್ಲಿ ನನಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಕುತ್ತಿಗೆಯ ಎಡಗಡೆ ಗಂಟು, ಆ ಅರ್ಧ ಭಾಗ ತೆಗೆದರು. ಎಚ್ಚರ ಆದಮೇಲೆ ದನಿ ಬರಲಿಲ್ಲ. ಊತ ಇರುತ್ತದೆ, ಎರಡು ವಾರ ಬಿಟ್ಟರೆ ಸರಿ ಹೋಗುತ್ತದೆ ಅಂದರು. ಎರಡು ವಾರ ಆರು ವಾರವಾಯಿತು. ಮಾತು ಬರುತ್ತಿತ್ತು, ಆದರೆ ತೂತು ಬಿದ್ದ ಸೈಕಲ್ ಟ್ಯೂಬಿನ ಹಾಗೆ ಉಸಿರೆಲ್ಲ ಸೋರಿ ಹೋಗುತ್ತಿತ್ತು. ನೀರು ಕುಡಿದರೆ ನೆತ್ತಿಗೇರುತ್ತಿತ್ತು. ಫೋನ್ ಎತ್ತಿದರೆ ಆ ಕಡೆಯಿಂದ ‘ಯಾರು? ಕೇಳಿಸ್ತಿಲ್ಲ’ ಎಂದು ಇಟ್ಟುಬಿಡುತ್ತಿದ್ದರು. ಮನೆಯಲ್ಲಿ ಸುಸ್ತಾಗಬಾರದು ಅಂತ ಪಿಸುಗುಟ್ಟಿಯೇ ಕೆಲಸ ನಡೆಸುತ್ತಿದ್ದೆ.

ಮನೆಯವರಿಗೆ ನನ್ನ ‘ಗ’ ಹೋಗಿದ್ದು ಯಾಕೆ ಗೊತ್ತಾಗಲಿಲ್ಲ ಅಂತ ಆಮೇಲೆ ಯೋಚಿಸಿದೆ. ‘ಗದ್ದೆಗೆ ನೀರು ಬಿಟ್ಟಿದ್ದೀರಾ’ ಅಂತ ಕೇಳಿದರೆ, ನಾನು ‘ಕತ್ತೆ’ ಅಂದರೂ ಕೇಳುವವರು ಗದ್ದೆ ಅಂತಲೇ ಹಿಡಿಯುತ್ತಾರೆ. ಇಡೀ ಮಾತು ಆ ಒಂದು ಅಕ್ಷರವನ್ನು ಕೈಹಿಡಿದು ನಡೆಸುತ್ತದೆ. ಉಕ್ತಲೇಖನದಲ್ಲಿ ಪದ ಒಂಟಿ. ಹಿಂದೆ ಮುಂದೆ ಯಾರೂ ಇಲ್ಲ. ಅಲ್ಲಿ ನನ್ನ ಗಂಟಲು ಸಿಕ್ಕಿಬಿತ್ತು.

ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಪರದೆಯನ್ನು ನನ್ನ ಕಡೆಗೂ ತಿರುಗಿಸಿದರು. ಗಂಟಲೊಳಗೆ ದನಿ ಹುಟ್ಟಿಸುವ ಬಿಳಿ ಬಣ್ಣದ ಎರಡು ಪಟ್ಟಿ, ಮುಂದೆ ಕೂಡಿಕೊಂಡು ಹಿಂದೆ ಅಗಲವಾಗಿ ನಿಂತಿದ್ದವು. ‘ಈ ಅನ್ನಿ’ ಅಂದರು. ಬಲಗಡೆಯದ್ದು ಚಕ್ಕನೆ ನಡುವಿಗೆ ಬಂತು. ಎಡಗಡೆಯದ್ದು ಅಲ್ಲಾಡಲಿಲ್ಲ. ಜೋಡಿ ಬಾಗಿಲಿನ ಒಂದು ಕದ ಮುಚ್ಚಿ ಇನ್ನೊಂದು ಹಾಗೇ ನಿಂತರೆ ನಡುವೆ ಸಂದಿ ಉಳಿಯುತ್ತದಲ್ಲ, ಅಂಥದ್ದು.

ಆ ಪಟ್ಟಿಗಳನ್ನು ಆಡಿಸುವ ನರದ ದಾರಿ ಕೇಳಿ ಬೆರಗಾಯಿತು. ತಲೆಯಿಂದ ಹೊರಟು ನೇರವಾಗಿ ಗಂಟಲಿಗೆ ಬರುವುದಿಲ್ಲ. ಎಡಗಡೆಯ ನರ ಎದೆಯವರೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ, ಮತ್ತೆ ಮೇಲೆ ಬರುತ್ತದೆ. ಬರುವಾಗ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಅಂಟಿಕೊಂಡ ಹಾಗೆ ಹಾಯುತ್ತದೆ. ಆ ಗ್ರಂಥಿಯ ಆಪರೇಷನ್‌ನಲ್ಲಿ ಈ ನರಕ್ಕೆ ಪೆಟ್ಟು ಬೀಳುವುದು ಎಲ್ಲರಿಗೂ ಗೊತ್ತಿರುವ ಅಪಾಯ. ನನ್ನದು ತುಂಡಾಗಿರಲಿಲ್ಲ, ಎಳೆತಕ್ಕೆ ಸಿಕ್ಕಿ ಸೋತಿರಬೇಕು ಅಂದರು. ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಆದರೆ ಸುಮ್ನೆ ಕಾಯಬಾರದು, ದನಿಗೆ ಥೆರಪಿ ತಗೋಬೇಕು. ಮತ್ತೆ ಒಂದು ಮಾತು ಒತ್ತಿ ಹೇಳಿದರು: ‘ಪಿಸುಗುಟ್ಟಬೇಡಿ. ಅದರಿಂದ ಗಂಟಲಿಗೆ ವಿಶ್ರಾಂತಿ ಅಲ್ಲ, ಜಾಸ್ತಿ ಶ್ರಮ.’

ಹಾಗೆ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗತೊಡಗಿದೆ. ಎಲ್ಲರ ಬಾಯಲ್ಲೂ ಅದು ಆಯಿಷ್. ನಮ್ಮೂರು ಹಾಸನ ಜಿಲ್ಲೆಯಲ್ಲಿ. ಎರಡು ವಾರಕ್ಕೊಮ್ಮೆ ರಜೆ ಹಾಕಿ, ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದೆ.

ಥೆರಪಿ ಕೊಟ್ಟ ಹುಡುಗಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಮೊದಲ ದಿನ ಎದುರಿಗೆ ಕೂರಿಸಿಕೊಂಡು, ‘ಟೀಚರ್, ಎರಡು ಬೆರಳು ಗಂಟಲ ಮೇಲೆ ಇಟ್ಕೊಳ್ಳಿ. ಉಸಿರು ಎಳ್ಕೊಂಡು, ಸ್‌ಸ್‌ಸ್ ಅಂತ ಎಷ್ಟು ಹೊತ್ತಾಗತ್ತೋ ಅಷ್ಟು ಹೇಳಿ’ ಅಂದಳು. ಮೊಬೈಲಿನಲ್ಲಿ ಸಮಯ ಹಿಡಿದಳು. 15 ಸೆಕೆಂಡು. ‘ಈಗ ದುಂಬಿ ಹಾರೋ ಥರ ಜ಼್‌ಜ಼್‌ಜ಼್ ಅನ್ನಿ.’ ಆರಕ್ಕೇ ಉಸಿರು ಖಾಲಿ.

‘ಎರಡಕ್ಕೂ ನಾಲಗೆ ಒಂದೇ ಜಾಗದಲ್ಲಿ ಇತ್ತು ನೋಡಿ’ ಅಂದಳು. ಹೌದಲ್ಲ! ನಾನು ಗಮನಿಸಿಯೇ ಇರಲಿಲ್ಲ. ಸ್ ಅನ್ನುವಾಗ ಬರೀ ಗಾಳಿ. ಜ಼್ ಅನ್ನುವಾಗ ಅದೇ ಗಾಳಿ, ಅದೇ ನಾಲಗೆ, ಜೊತೆಗೆ ಗಂಟಲಿನ ಪಟ್ಟಿಗಳು ನಡುಗಬೇಕು. ಪಟ್ಟಿ ಚೆನ್ನಾಗಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತು ನಿಲ್ಲುತ್ತವೆ. ನನ್ನದು ಸಂದಿಯಲ್ಲಿ ಸೋರುತ್ತಿತ್ತು. ಆಮೇಲೆ ಅವಳು ನನ್ನ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡು ‘ಗಗಗ’ ಅಂದಳು. ಬೆರಳ ತುದಿಗೆ ಜೇನುಗೂಡು ಮುಟ್ಟಿದ ಹಾಗಾಯಿತು. ಹೆಂಗಸರ ಗಂಟಲಲ್ಲಿ ಆ ಪಟ್ಟಿಗಳು ಸೆಕೆಂಡಿಗೆ ಸುಮಾರು 200 ಸಲ ನಡುಗುತ್ತವಂತೆ. ಗಂಡಸರಲ್ಲಿ ಅದಕ್ಕಿಂತ ಕಡಿಮೆ, ಮಕ್ಕಳಲ್ಲಿ ಜಾಸ್ತಿ. ಅದೇ ಬೆರಳನ್ನು ನನ್ನ ಗಂಟಲಿಗೆ ಇಟ್ಟುಕೊಂಡು ‘ಗಗಗ’ ಅಂದೆ. ಏನೂ ಇಲ್ಲ. ಗೋಡೆ ಮುಟ್ಟಿದ ಹಾಗೆ.

ಹೀಗೆ ಗಂಟಲು ನಡುಗಿ ಬರುವ ಅಕ್ಷರ ಘೋಷ, ನಡುಗದೆ ಬರುವುದು ಅಘೋಷ. ಈ ಪದಗಳು ನನಗೆ ಹೊಸವಲ್ಲ. ಡಿ.ಎಡ್. ಓದುವಾಗ ಎರಡು ಅಂಕದ ಪ್ರಶ್ನೆ ಅದು. ವರ್ಗದ ಮೊದಲ ಎರಡು ಅಕ್ಷರ ಅಘೋಷ, ಉಳಿದ ಮೂರು ಘೋಷ. ಶ, ಷ, ಸ ಅಘೋಷ. ಯ, ರ, ಲ, ವ, ಳ ಘೋಷ. ಉರು ಹೊಡೆದು ಬರೆದಿದ್ದೆ, ಅಂಕವೂ ಬಂದಿತ್ತು. ಹದಿನೆಂಟು ವರ್ಷದಿಂದ ಕ ಖ ಗ ಘ ಙ ಹೇಳಿಕೊಡುತ್ತಿದ್ದೇನೆ. ಗಂಟಲಿಗೆ ಒಂದು ದಿನವೂ ಕೈ ಇಟ್ಟು ನೋಡಿರಲಿಲ್ಲ, ಮಕ್ಕಳಿಗೆ ಇಡಿಸಿಯೂ ಇರಲಿಲ್ಲ. ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಇದೇ ನೆನೆದು ಬಹಳ ಬೇಜಾರಾಯಿತು.

ಇನ್ನೊಂದು ವಿಷಯವೂ ಅವತ್ತೇ ಹೊಳೆಯಿತು. ಸರ್ಕಾರಿ ಶಾಲೆಯ ನಲಿ ಕಲಿ ಪದ್ಧತಿಯಲ್ಲಿ ನಾವು ವರ್ಣಮಾಲೆಯ ಸಾಲಿನ ಪ್ರಕಾರ ಅಕ್ಷರ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬೆರಳು ಮಡಚಿ ಎಣಿಸಿದೆ. ಈ ಹತ್ತರಲ್ಲಿ ‘ಸ’ ಒಂದನ್ನು ಬಿಟ್ಟರೆ ಒಂಬತ್ತಕ್ಕೂ ಗಂಟಲು ನಡುಗಲೇಬೇಕು. ಒಂದನೇ ತರಗತಿಗೆ ಬರುವ ಮಗು ನಮ್ಮಿಂದ ಮೊದಲು ಕೇಳುವುದೆಲ್ಲ ಘೋಷವೇ. ನನ್ನ ಹತ್ತಿರ ಇಲ್ಲದ್ದೂ ಅದೇ. ಮಾರನೇ ದಿನ ಒಂದನೇ ತರಗತಿಯ ಅಕ್ಷರಗಳನ್ನು ಜೊತೆಯ ಟೀಚರ್ ಕೈಗೆ ಒಪ್ಪಿಸಿ, ಅವರ ಗಣಿತ ನಾನು ತಗೊಂಡೆ. ಬೋರ್ಡಿನ ಮೇಲೆ ಲೆಕ್ಕ ಬರೆಯಲು ಗಂಟಲು ಬೇಡ.

ಅಭ್ಯಾಸ ಶುರುವಾಗಿದ್ದು ‘ಗ’ದಿಂದ ಅಲ್ಲ, ‘ಮ್’ನಿಂದ. ಬಾಯಿ ಮುಚ್ಚಿ ‘ಮ್‌ಮ್‌ಮ್’ ಅನ್ನಬೇಕು, ತೊಟ್ಟಿಲು ತೂಗುವಾಗ ಗುನುಗುವ ಹಾಗೆ. ತುಟಿಗೆ, ಮೂಗಿನ ಪಕ್ಕದ ಮೂಳೆಗೆ ಕಚಗುಳಿ ಆದರೆ ಸರಿ ಬಂತು ಅಂತ ಅರ್ಥ. ಉಸಿರನ್ನು ಹೊಟ್ಟೆಯಿಂದ ಎತ್ತಬೇಕು. ಹೊಕ್ಕುಳ ಬುಡದಿಂದ ಕಹಳೆಯ ಹಾಗೆ ಶಬ್ದ ಏಳುತ್ತದೆ ಎಂದು ನಮ್ಮ ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಬರೆದಿದ್ದು ನೆನಪಾಯಿತು. ಕೈಯನ್ನು ಹೊಟ್ಟೆ ಮೇಲಿಟ್ಟು ಮಾಡುವಾಗ ಆ ಮಾತು ಬರೀ ಹಳಗನ್ನಡ ಅನ್ನಿಸಲಿಲ್ಲ.

ಎರಡನೆಯದು ಸ್ಟ್ರಾ. ಲೋಟದಲ್ಲಿ ನಾಲ್ಕು ಬೆರಳು ನೀರು. ಅದರೊಳಗೆ ಸ್ಟ್ರಾ ಇಟ್ಟು, ‘ಊ’ ಅನ್ನುತ್ತ ಗುಳ್ಳೆ ಎಬ್ಬಿಸಬೇಕು. ಬರೀ ಊದಿದರೆ ಆಗದು, ದನಿಯೂ ಇರಬೇಕು. ಮೂರನೆಯದು ಎರಡೂ ಅಂಗೈ ಜೋಡಿಸಿ ಒತ್ತುತ್ತ ‘ಆ’ ಅನ್ನುವುದು. ಭಾರ ಎತ್ತುವಾಗ, ದೂಡುವಾಗ ಗಂಟಲು ತಾನಾಗಿ ಬಿಗಿಯಾಗಿ ಮುಚ್ಚುತ್ತದೆ, ಆ ಬಿಗಿಯನ್ನು ದನಿಗೆ ಬಳಸಿಕೊಳ್ಳುವ ಉಪಾಯ. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹಿಡಿಸಿತು. ಎಂಜಲು ನುಂಗುತ್ತ, ಅರ್ಧ ನುಂಗಿದಾಗಲೇ ಗಟ್ಟಿಯಾಗಿ ‘ಬೂಮ್’ ಅನ್ನಬೇಕು. ನುಂಗುವಾಗ ನೀರು ಶ್ವಾಸಕ್ಕೆ ಹೋಗದ ಹಾಗೆ ದೇಹ ಪಟ್ಟಿಗಳನ್ನು ಒತ್ತಿ ಮುಚ್ಚುತ್ತದೆ. ಸರಿಯಾಗಿ ಆ ಗಳಿಗೆಗೆ ದನಿ ಹೊರಡಿಸಿದರೆ ಸಂದಿ ಕಿರಿದಾಗಿರುತ್ತದೆ.

ಜುಲೈ ಮೂರನೇ ವಾರ, ಮನೆಯ ಹಿತ್ತಿಲಲ್ಲಿ ಒಬ್ಬಳೇ ಕೂತು ಮಾಡುತ್ತಿದ್ದೆ. ಇಪ್ಪತ್ತು ಸಲ ಬರೀ ಗಾಳಿ. ಇಪ್ಪತ್ತೊಂದನೇ ಸಲ ‘ಬೂಮ್’ ಅಂತ ನನ್ನದೇ ಹಳೆಯ ದನಿ ಹೊರಗೆ ಬಂತು. ಒಂದೇ ಒಂದು ‘ಬ’. ಬೆರಳಿಗೆ ನಡುಕ ಗೊತ್ತಾಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಏಣಿ ಹತ್ತಿದ ಹಾಗೆ. ಮೂಗಿನಕ್ಷರದ ಬೆನ್ನು ಹಿಡಿದು ಘೋಷಕ್ಕೆ ಹೋಗುವುದು. ಮ್ ಇಂದ ಅಮ್ಮ. ಅಮ್ಮದಿಂದ ಅಂಬೆ, ತುಂಬೆ, ಕುಂಬಳ. ‘ಮ್’ ಅನ್ನುವಾಗ ಗಂಟಲು ಆಗಲೇ ನಡುಗುತ್ತಿರುತ್ತದೆ, ತುಟಿಯೂ ಮುಚ್ಚಿಯೇ ಇರುತ್ತದೆ. ಮೂಗಿನ ದಾರಿ ಮುಚ್ಚಿದರೆ ಸಾಕು, ಅದೇ ‘ಬ’. ಹಾಗೇ ‘ನ್’ನಿಂದ ಹಂದಿ, ಕುಂದು, ಚಂದ. ಆಮೇಲೆ ‘ಗ’. ‘ಗ’ಕ್ಕೆ ಏಣಿ ಯಾವುದು? ‘ಙ’. ಮಕ್ಕಳು ಪ್ರತಿ ವರ್ಷ ‘ಮಿಸ್, ಇದು ಯಾವ ಪದದಲ್ಲಿ ಬರತ್ತೆ’ ಅಂತ ಕೇಳುವ, ನಾನು ‘ಸುಮ್ನೆ ಕಲ್ತ್ಕೊಳ್ಳಿ’ ಅನ್ನುತ್ತಿದ್ದ ಙ. ಅಂಗಳ, ಅಂಗಿ, ತೆಂಗು, ಉಂಗುರ ಅನ್ನುವಾಗ ಸೊನ್ನೆಯ ಜಾಗದಲ್ಲಿ ಬಾಯಿ ಹೇಳುವುದು ಅದನ್ನೇ. ಎರಡು ತಿಂಗಳು ಆ ಅಕ್ಷರ ನನ್ನನ್ನು ಹೊತ್ತುಕೊಂಡು ನಡೆಯಿತು.

ಭ, ಧ, ಘ ಸದ್ಯಕ್ಕೆ ಬೇಡ ಅಂದಳು ಥೆರಪಿಯ ಹುಡುಗಿ. ಅವಕ್ಕೆ ಉಸಿರು ಸೋರಬೇಕು, ನಮಗೆ ಬೇಕಾಗಿರುವುದು ಸೋರದ ಹಾಗೆ ಮಾಡುವುದು.

‘ಬ’ ಜುಲೈಯಲ್ಲಿ ಬಂತು. ‘ದ’, ‘ಡ’ ಆಗಸ್ಟ್ ಕೊನೆಗೆ. ‘ಜ’ ಅದರ ಹಿಂದೆಯೇ. ‘ಗ’ ಮಾತ್ರ ಬರಲೊಲ್ಲದು. ‘ಅಂಗಳ’ದಲ್ಲಿ ಬರುತ್ತಿತ್ತು, ‘ಗಾಳಿ’ಯಲ್ಲಿ ಬರುತ್ತಿರಲಿಲ್ಲ. ನನ್ನ ನರ ‘ಗ’ದ ಮೇಲೆ ಹಟ ಹಿಡಿದಿದೆಯೇನೋ ಅನ್ನುವಷ್ಟು ಬೇಸರ. ಆಗ ಆ ಹುಡುಗಿ ಕಾಗದದ ಮೇಲೆ ಬಾಯಿಯ ಚಿತ್ರ ಬರೆದು ತೋರಿಸಿದಳು.

‘ಟೀಚರ್, ಬಿಂದಿಗೆಗೆ ನೀರು ಬಿಟ್ಟ ಹಾಗೆ ಅಂದ್ಕೊಳ್ಳಿ. ಬಾಯಿ ಮುಚ್ಚಿರೋವಾಗಲೂ ಗಂಟಲು ನಡುಗಬೇಕು ಅಂದ್ರೆ ಗಾಳಿ ಕೆಳಗಿಂದ ಮೇಲಕ್ಕೆ ಹೋಗ್ತಾ ಇರಬೇಕು. ಮೇಲೆ ಜಾಗ ತುಂಬಿಬಿಟ್ರೆ ಗಾಳಿ ನಿಲ್ಲತ್ತೆ, ನಡುಕನೂ ನಿಲ್ಲತ್ತೆ. ಬ ಅನ್ನುವಾಗ ತುಟಿವರೆಗೂ ಜಾಗ ಇದೆ, ಕೆನ್ನೆ ಬೇರೆ ಉಬ್ಬತ್ತೆ. ಅದು ಬಿಂದಿಗೆ. ಗ ಅನ್ನುವಾಗ ನಾಲಗೆ ಹಿಂದೆನೇ ಮುಚ್ಚಿಬಿಡತ್ತೆ. ಅದು ಲೋಟ.’

ನೀವೂ ಮಾಡಿ ನೋಡಬಹುದು. ಬಾಯಿ ಬಿಡದೆ, ‘ಬ’ ಇನ್ನೇನು ಬರಬೇಕು ಅನ್ನುವಾಗಿನ ಆ ಗುಂಯ್ ಸದ್ದನ್ನು ತುಟಿ ಮುಚ್ಚಿಯೇ ಹಿಡಿದುಕೊಳ್ಳಿ. ಕೆನ್ನೆ ಉಬ್ಬುತ್ತ ಹೋಗುತ್ತದೆ, ಸದ್ದು ಸ್ವಲ್ಪ ಹೊತ್ತು ಇರುತ್ತದೆ. ಅದೇ ‘ಗ’ಕ್ಕೆ ಮಾಡಿ. ಆ ಕ್ಷಣಕ್ಕೇ ಕಟ್ಟಿಕೊಳ್ಳುತ್ತದೆ. ಗಟ್ಟಿ ಗಂಟಲಿನವರಿಗೇ ಹೀಗೆ. ಥಾಯ್ ಭಾಷೆಯಲ್ಲಿ ಬ ಇದೆ, ದ ಇದೆ, ಗ ಇಲ್ಲ ಅಂತಲೂ ಅವಳೇ ಹೇಳಿದ್ದು. ಡಚ್ಚರಿಗೂ ಅವರ ಸ್ವಂತ ಪದಗಳಲ್ಲಿ ನಮ್ಮ ಥರದ ಗ ಇಲ್ಲವಂತೆ. ಕೇಳಿ ಸಮಾಧಾನವಾಯಿತು. ನನ್ನ ಗಂಟಲು ತಪ್ಪು ಮಾಡುತ್ತಿಲ್ಲ, ಕಷ್ಟದ್ದನ್ನು ಕೊನೆಗೆ ಇಟ್ಟುಕೊಂಡಿದೆ, ಅಷ್ಟೇ. ಅದರಲ್ಲೂ ಕಷ್ಟ ಒತ್ತಿನ ಗ್ಗ: ಹಗ್ಗ, ಮೊಗ್ಗು, ಸುಗ್ಗಿ. ನಾಲಗೆ ಮುಚ್ಚಿಕೊಂಡು ಜಾಸ್ತಿ ಹೊತ್ತು ಕೂರಬೇಕು, ಲೋಟ ಬೇಗ ತುಂಬುತ್ತದೆ.

ಆ ದಿನಗಳಲ್ಲೇ ನಮ್ಮ ಬಸ್ಸಿನಲ್ಲಿ ಪಕ್ಕದೂರಿನ ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರು ಸಿಗುತ್ತಿದ್ದರು. ನನ್ನ ಕಥೆ ಕೇಳಿ, ‘ಅಮ್ಮಾ, ತೈತ್ತಿರೀಯ ಪ್ರಾತಿಶಾಖ್ಯದಲ್ಲಿ ಇದು ಇದೆ’ ಅಂದರು. ವೇದ ಹೇಳುವವರು ಉಚ್ಚಾರ ಕೆಡಬಾರದೆಂದು ಮಾಡಿಕೊಂಡ ಹಳೇ ಶಾಸ್ತ್ರ ಅದು. ಕಂಠ ಮುಚ್ಚಿದ್ದರೆ ನಾದ. ತೆರೆದಿದ್ದರೆ ಶ್ವಾಸ. ಎರಡರ ನಡುವೆ ಇದ್ದರೆ ಹಕಾರ. ಮೂರೇ ಮಾತು.

ಮೂರನೆಯದನ್ನು ಕೇಳಿ ಮೈ ಜುಮ್ಮೆಂದಿತು. ಮೇ ತಿಂಗಳಲ್ಲಿ ಮಗಳು ಮೊಬೈಲಿನಲ್ಲಿ ನನ್ನ ಮಾತು ರೆಕಾರ್ಡ್ ಮಾಡಿದ್ದಳು. ಅದರಲ್ಲಿ ಅ, ಇ, ಉ ಎಲ್ಲಕ್ಕೂ ಒಂದೊಂದು ‘ಹ’ ಅಂಟಿಕೊಂಡ ಹಾಗೆ ಕೇಳುತ್ತದೆ. ಡಾಕ್ಟರ ಪರದೆಯ ಮೇಲೆ ನಾನು ಕಂಡ ಗಂಟಲು ಮುಚ್ಚಿಯೂ ಇರಲಿಲ್ಲ, ತೆರೆದೂ ಇರಲಿಲ್ಲ, ನಡುವೆ ನಿಂತಿತ್ತು. ಕ್ಯಾಮೆರಾ ಇಲ್ಲ, ಪರದೆ ಇಲ್ಲ. ಬರೀ ಕಿವಿ ಕೊಟ್ಟು, ತಮ್ಮ ಗಂಟಲನ್ನು ತಾವೇ ಗಮನಿಸಿ ಅವರು ಅದನ್ನು ಕಂಡುಕೊಂಡಿದ್ದರು. ನಮ್ಮ ವರ್ಣಮಾಲೆಯ ಸಾಲುಗಳೂ ಆ ಗಮನದಿಂದಲೇ ಬಂದವು ಅಲ್ವಾ? ಅದನ್ನು ನಾನು ಬರೀ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ದೆ.

ಮನೆಯಲ್ಲಿ ಮಗಳು ಹತ್ತನೇ ತರಗತಿ. ಒಂದು ರಾತ್ರಿ ಆದೇಶ ಸಂಧಿ ಉರು ಹೊಡೆಯುತ್ತಿದ್ದಳು. ಮಳೆ ಪ್ಲಸ್ ಕಾಲ ಮಳೆಗಾಲ. ಬೆಟ್ಟ ಪ್ಲಸ್ ತಾವರೆ ಬೆಟ್ಟದಾವರೆ. ಕಣ್ ಪ್ಲಸ್ ಪನಿ ಕಂಬನಿ. ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗಿ ಬರುತ್ತವೆ, ಅಂತ ಒಂದೇ ಉಸಿರಿಗೆ. ನಾನೂ ಹಾಗೇ ಓದಿದವಳು. ‘ಬಾ ಇಲ್ಲಿ’ ಅಂದೆ. ‘ಗಂಟಲಿಗೆ ಕೈ ಇಟ್ಟು ಮಳೆ-ಕಾಲ ಅನ್ನು. ಈಗ ಮಳೆಗಾಲ ಅನ್ನು.’ ಎರಡು ಸಲ ಹೇಳಿ ನೋಡಿ, ‘ಅಮ್ಮ, ಕ ಬಂದಾಗ ನಡುವೆ ಸ್ವಿಚ್ ಆಫ್ ಆಗಿ ಮತ್ತೆ ಆನ್ ಆಗತ್ತೆ. ಗ ಬಂದ್ರೆ ಆಫೇ ಆಗಲ್ಲ’ ಅಂದಳು. ಅದೇ ನೋಡು. ‘ಳೆ’ಯ ಸ್ವರದಲ್ಲಿ ಗಂಟಲು ನಡುಗುತ್ತಿದೆ, ಮುಂದೆ ‘ಆ’ ಸ್ವರವೂ ನಡುಗಬೇಕು. ನಡುವೆ ಸಿಕ್ಕ ‘ಕ’ವನ್ನೂ ಸೇರಿಸಿಕೊಂಡು ಒಂದೇ ಓಟದಲ್ಲಿ ಓಡುತ್ತದೆ. ಆಮೇಲೆ ಅವಳೇ ವಾಕ್ ಪ್ಲಸ್ ಈಶ, ವಾಗೀಶ; ಸತ್ ಪ್ಲಸ್ ಆನಂದ, ಸದಾನಂದ ಅಂತ ಜಶ್ತ್ವ ಸಂಧಿಗೂ ಕೈ ಇಟ್ಟು ನೋಡಿದಳು. ಬೇರೆ ಬೇರೆ ಪಾಠದಲ್ಲಿ, ಬೇರೆ ಬೇರೆ ಹೆಸರಲ್ಲಿ ಓದಿದ್ದು ಒಂದೇ ಕೆಲಸ.

ಅಕ್ಟೋಬರ್ ಎರಡನೇ ವಾರ. ಹಿತ್ತಿಲಲ್ಲಿ ಹಸು ಗೂಟ ಬಿಚ್ಚಿಕೊಂಡಿತ್ತು. ‘ರೀ, ಹಗ್ಗ ಕೊಡಿ’ ಅಂದೆ. ಒಳಗಿದ್ದ ಇವರು ಹಗ್ಗ ತಂದುಕೊಟ್ಟು ಹೋದರು. ಹಸು ಕಟ್ಟಿ ಕೈ ತೊಳೆಯುವಾಗ ಹೊಳೆಯಿತು: ಇವರು ‘ಏನು?’ ಅಂತ ಕೇಳಲೇ ಇಲ್ಲವಲ್ಲ! ಆರು ತಿಂಗಳಲ್ಲಿ ನಾನು ಹೇಳಿದ ಮೊದಲ ಸರಿಯಾದ ‘ಗ್ಗ’ ನನಗೇ ಗೊತ್ತಾಗದೆ ಬಂದು ಹೋಗಿತ್ತು. ಅಲ್ಲೇ ನಿಂತು ಹತ್ತು ಸಲ ಹೇಳಿದೆ. ನಾಲ್ಕು ಸಲ ಬಂತು, ಆರು ಸಲ ಇಲ್ಲ.

ಮುಂದಿನ ಪರೀಕ್ಷೆಯಲ್ಲಿ ಎಡಗಡೆಯ ಪಟ್ಟಿ ಸ್ವಲ್ಪ ಅಲ್ಲಾಡುತ್ತಿತ್ತು. ಬಲಗಡೆಯದ್ದು ನಡುಗೆರೆ ದಾಟಿ ಬಂದು ಅದನ್ನು ಮುಟ್ಟುತ್ತಿತ್ತು. ಜನವರಿಯಲ್ಲಿ ಮತ್ತೆ ದುಂಬಿ ಪರೀಕ್ಷೆ. ಸ್ 16 ಸೆಕೆಂಡು, ಜ಼್ 13. ಆ ಹುಡುಗಿ ಮೊಬೈಲನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ವರ್ಷ ಅಕ್ಷರದ ಪಾಠ ಮತ್ತೆ ನನ್ನದೇ. ಕ, ಗ ಎರಡನ್ನೂ ಜೊತೆಯಲ್ಲಿಟ್ಟು, ಗಂಟಲಿಗೆ ಬೆರಳು ಇಡಿಸಿ ಹೇಳಿಸುತ್ತೇನೆ. ‘ಕುರಿ, ಗುರಿ. ತಡ, ದಡ. ಪೇಟೆ, ಬೇಟೆ.’ ಉಕ್ತಲೇಖನದಲ್ಲಿ ಅನುಮಾನ ಬಂದವರು ಪದವನ್ನು ತಾವೇ ಒಮ್ಮೆ ಮೆತ್ತಗೆ ಹೇಳಿಕೊಂಡು, ಕುತ್ತಿಗೆ ಮುಟ್ಟಿ ನೋಡಿ ಬರೆಯುತ್ತಾರೆ. ಪಿಸುಗುಟ್ಟಿ ನೋಡಬೇಡಿ ಅಂತ ಹೇಳಿಕೊಟ್ಟಿದ್ದೇನೆ, ಪಿಸುಮಾತಿನಲ್ಲಿ ಗಂಟಲು ಯಾವುದಕ್ಕೂ ನಡುಗುವುದಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಮೊನ್ನೆ ಚಾರ್ಟಿನ ಹತ್ತಿರ ಹೋಗಿ, ಒಂದೊಂದೇ ಅಕ್ಷರ ಹೇಳುತ್ತ ಕುತ್ತಿಗೆ ಮುಟ್ಟಿಕೊಳ್ಳುತ್ತ ನಿಂತಿದ್ದ. ಐದು ಸಾಲು ಮುಗಿಸಿ ಬಂದು, ‘ಮಿಸ್, ಎಲ್ಲಾ ಸಾಲಲ್ಲೂ ಎರಡು ಮನೆ ಸುಮ್ನೆ ಇರ್ತವೆ, ಮೂರನೇ ಮನೆಯಿಂದ ಗುಂಯ್ ಅಂತವೆ’ ಅಂದ. ಅವನಿಗೆ ಘೋಷ ಅನ್ನುವ ಹೆಸರು ಇನ್ನೂ ಹೇಳಿಲ್ಲ.

ನನ್ನ ದನಿ ಪೂರ್ತಿ ಮೊದಲಿನ ಹಾಗೆ ಆಗಿಲ್ಲ. ಮಧ್ಯಾಹ್ನ ಮೂರರ ಮೇಲೆ ಗಂಟಲು ಸೋಲುತ್ತದೆ, ‘ಗ್ಗ’ ಮೊದಲು ಕೈಕೊಡುತ್ತದೆ. ಅದಕ್ಕೆ ಹಗ್ಗ, ಮೊಗ್ಗು, ಸುಗ್ಗಿಯ ಪಾಠವನ್ನು ಬೆಳಗಿನ ಮೊದಲ ಪೀರಿಯಡ್‌ಗೇ ಇಟ್ಟುಕೊಂಡಿದ್ದೇನೆ.